ನಿಶಾಳ ಬಾಟಲಿಯ ನೀರು

"ನಾಳೆ ನಿಶಾ ನನ್ ಜೊತೆ ಮೈಸೂರಿಗೆ ಬರ್ತಾಳೆ. ಇನ್ನು ಮಾತಿಲ್ಲ!"

ಹಿರೋಶಿಮಾದಲ್ಲಿ ಅಣುಬಾಂಬಿಗೆ ಸಿಕ್ಕಿದ ಆ ಮುರುಕು ಗುಮ್ಮಟದ ಎದುರು ನಿಂತು ಅತ್ತೆ ಪದ್ಮಾವತಿ ಗದರಿದಾಗ ಕೋಕಿಲಾ ನಿಶಾಳನ್ನು ತನ್ನತ್ತ ಎಳೆದುಕೊಂಡಳು. ಏಳು ವರ್ಷದ ಮಗಳ ಪಾಸ್‌ಪೋರ್ಟ್ ಆಗಲೇ ಅತ್ತೆಯ ಕೈಚೀಲ ಸೇರಿತ್ತು. ಮಾರ್ಚ್‌ನ ಭೂಕಂಪದಲ್ಲಿ ಟೋಕಿಯೋ ಪಕ್ಕದ ಇಚಿಕಾವಾದ ಮನೆ ತೊಟ್ಟಿಲಿನಂತೆ ತೂಗಿದ ದಿನವೇ ಕೋಕಿಲಾ ಮಕ್ಕಳಿಬ್ಬರನ್ನೂ ಅವಚಿಕೊಂಡು ದೂರದ ಕೋಬೆಗೆ ಓಡಿಬಂದಿದ್ದಳು. ತಿಂಗಳ ಕೊನೆಗೆ ಮತ್ತೆ ಅದೇ ಮನೆಗೆ ಮರಳಬೇಕು; ಅಲ್ಲಿಗೆ ಮೊಮ್ಮಗಳನ್ನು ಕಳಿಸಲಾರೆನೆಂದು ಅತ್ತೆಯ ವಾದ. "ಅಮ್ಮ ಹೇಳಿದ್ಹಾಗೆ ಮಾಡು" ಎಂದು ಗಂಡ ಮುಕುಂದ ಫೋನಿನಲ್ಲೇ ಕೈತೊಳೆದುಕೊಂಡಿದ್ದ. ಏನಾದರಾಗಲಿ, ಮಗಳನ್ನು ಮಾತ್ರ ಕೊಡಲಾರೆ! ಶಾಲೆಯಲ್ಲಿ ಕೇಳಿದ ಈ ಜಾಗ ನೋಡಲೇಬೇಕೆಂದು ನಿಶಾ ಹಟ ಹಿಡಿದದ್ದಕ್ಕೇ ಎಲ್ಲರೂ ಬಂದದ್ದು.

ವಸ್ತುಸಂಗ್ರಹಾಲಯದಲ್ಲಿ, ಇನ್ನೂ ಎದೆಹಾಲು ಬಿಡದ ಮಗ ಅಮಿತ್‌ನನ್ನು ಎತ್ತಿಕೊಂಡಿದ್ದ ಕೋಕಿಲಾ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತೇಬಿಟ್ಟಳು. ಯಾವುದೋ ಮಗುವಿನ ಊಟದ ಡಬ್ಬಿ, ಸುಟ್ಟು ಕರಕಲಾಗಿತ್ತು. ತಾಯಿ ಮಗುವಿನ ಹೆಣವನ್ನು ಗುರುತಿಸಿದ್ದು ಅದರಿಂದಲೇ ಅಂತೆ... ಬೆಳಗ್ಗೆ ತಾನೂ ನಿಶಾಳ ಡಬ್ಬಿಗೆ ಚಿತ್ರಾನ್ನ ತುಂಬಿದ್ದಳಲ್ಲ! ತಿರುಗಿ ನೋಡಿದರೆ ನಿಶಾ ಇಲ್ಲ.

"ಸುಮಿಮಾಸೆನ್, ಕ್ಷಮಿಸಿ! ನನ್ ಮಗಳು..." ಯಾರಿಗೆ ಯಾವ ಭಾಷೆಯಲ್ಲಿ ಹೇಳಿದಳೋ! ಎಡವುತ್ತಾ ಹೊರಗೋಡಿದಳು. ಅತ್ತೆ ಮುಂದೆಯೇ ಓಡಿದ್ದಳು.

ನಿಶಾ ಸ್ಮಾರಕದ ಕಲ್ಲಿನ ಮೇಲೆ ತನ್ನ ಬಾಟಲಿಯ ನೀರು ಸುರಿಯುತ್ತಿದ್ದಳು. ಪದ್ಮಾವತಿ ಹೊಡೆಯಲು ಕೈಯೆತ್ತಿದಳು.

"ಅಜ್ಜಿ, ಬಾಂಬ್‌ಗೆ ಸುಟ್ಟೋದವ್ರು ನೀರು ನೀರು ಅಂತ... ಸೋ ಥರ್ಸ್ಟಿ! ಸ್ಕೂಲಲ್ಲಿ ಸೆನ್ಸೇ ಹೇಳಿದ್ರು. ಅದಕ್ಕೇ ಎಲ್ರೂ ಇಲ್ಲಿ ನೀರ್ ಕೊಡ್ತಾರೆ."

ಎತ್ತಿದ ಕೈ ಹಾಗೇ ಇಳಿಯಿತು. "ನಿಮ್ ತಾತನೂ ಕೇಳಿದ್ರು ಕಣೇ... ಆಪರೇಷನ್ ಆಗಿದೆ, ಕೊಡ್ಬೇಡಿ ಅಂದ್ರು ಡಾಕ್ಟ್ರು. ಕೊಡ್ಲಿಲ್ಲ ನಾನು. ಬೆಳಗಾಗೋಷ್ಟರಲ್ಲಿ ಹೋಗೇಬಿಟ್ರು... ಪಾಪಿ ನಾನು!" ಗಂಡ ಹೋದ ಮೇಲೆ ಹದಿನಾರು ವರ್ಷ ಯಾರ ಮುಂದೆಯೂ ಅಳದ ಹೆಂಗಸು ಬಿಕ್ಕಿದಳು. ಬೊಗಸೆಯೊಡ್ಡಿ, ಉಳಿದ ನೀರನ್ನು ತರ್ಪಣದಂತೆ ಬೆರಳ ತುದಿಯಿಂದ ಬಿಟ್ಟಳು. ಆಮೇಲೆ ಕೈಚೀಲ ತಡಕಿ ಪಾಸ್‌ಪೋರ್ಟ್ ಚಾಚಿದಳು.

"ತಗೋ ಕೋಕಿಲಾ. ಹೆತ್ತವಳಿಂದ ಮಗೂನ ಕಿತ್ಕೊಂಡ ಪಾಪ ಬೇರೆ ಬೇಡ ನಂಗೆ."

ಗೆದ್ದೆನೆಂದು ಹಿಗ್ಗಬೇಕಿತ್ತು. ಆದರೆ ಕಣ್ಣೆದುರು ಆ ಕರಿ ಡಬ್ಬಿ, ತೂಗುವ ಮನೆ... ಕೋಕಿಲಾ ಪಾಸ್‌ಪೋರ್ಟನ್ನು ಮತ್ತೆ ಅತ್ತೆಯ ಚೀಲಕ್ಕೇ ತುರುಕಿದಳು.

"ಕರ್ಕೊಂಡ್ಹೋಗಿ ಅತ್ತೆ. ನಂಗೆ ಭಯ ಆಗ್ತಿದೆ... ಆದ್ರೆ ನಿದ್ದೆಗಣ್ಣಲ್ಲಿ ಇವಳು ನೀರು ಕೇಳಿದ್ರೆ, ಎದ್ದು ಕೊಡಿ."

ಪದ್ಮಾವತಿ ಸೊಸೆಯ ಕೈಹಿಡಿದು ತಲೆಯಾಡಿಸಿದಳು. ನಿಶಾ ಖಾಲಿ ಬಾಟಲಿ ತುಂಬಿಸಿಕೊಳ್ಳಲು ನಲ್ಲಿಯತ್ತ ನಡೆದಳು.