ಅವಳು ನೋಡಿದರೆ ಸೋಲುವ ತಂಡ

"ಅದು ಟ್ರಾವೆಲಿಂಗ್ ಇತ್ತು ಅಂದ್ರಿ, ಹೌದಲ್ರಿ?"

ಶೀತಲ ಬೆಚ್ಚಿ ತಲೆಯೆತ್ತಿದಳು. ಬಾಸ್ಕೆಟ್‌ಬಾಲ್ ಪಂದ್ಯ ಮುಗಿದು ಬೀದರಿನ ಕ್ರೀಡಾಂಗಣ ಖಾಲಿಯಾಗಿತ್ತು. ಮೆಟ್ಟಿಲ ಕೆಳಗೆ ನಿಂತಿದ್ದವನು ಅದೇ ಪಂದ್ಯದ ರೆಫರಿ. ಕೊರಳಲ್ಲಿ ಸೀಟಿ, ಹಣೆಯ ತುಂಬ ಬೆವರು.

ಆಟಗಾರನೊಬ್ಬ ಚೆಂಡು ಪುಟಿಸದೆ ಒಂದು ಹೆಜ್ಜೆ ಹೆಚ್ಚಿಗೆ ಇಟ್ಟಿದ್ದ, ಅದೇ ಟ್ರಾವೆಲಿಂಗ್ ಎಂಬ ತಪ್ಪು. ಅವಳು ತನ್ನಷ್ಟಕ್ಕೆ ಗೊಣಗಿದ್ದು ಇವನ ಕಿವಿಗೆ ಹೇಗೆ ಬಿತ್ತು?

"ಇತ್ತು. ನಾ ನೋಡ್ಲಿಲ್ಲ. ನೀವು ನೋಡಿದ್ರಿ."

ಅಷ್ಟು ಹೇಳಿ ನಕ್ಕ. ತಪ್ಪನ್ನು ಹೀಗೆ ನಗುತ್ತಾ ಒಪ್ಪಿಕೊಂಡ ಗಂಡಸನ್ನು ಶೀತಲ ಅಂದೇ ಮೊದಲು ನೋಡಿದ್ದು.

ಅವನು ರವಿಕಿರಣ. ಔರಾದ ತಾಲೂಕಿನ ಎಕಂಬಾದವನು, ಭಾಲ್ಕಿಯ ಶಾಲೆಯೊಂದರಲ್ಲಿ ಆಟದ ಮಾಸ್ತರ. ಅವಳು ಪದವಿ ಮುಗಿಸಿ ಮೈಲೂರಿನ ಮನೆಯಲ್ಲಿ ಕೂತವಳು. ನಾಲ್ಕು ಜನರೆದುರು ಬಾಯಿ ಬಿಡದವಳು. ಚೆಂಡು ಮುಟ್ಟಿದ್ದು ಕಡಿಮೆ, ಆದರೆ ಅಮೆರಿಕದ ಬಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಅಲ್ಲಿ ರಾತ್ರಿ ಆಡುವ ಆಟ ಇಲ್ಲಿ ಬೆಳಗಿನ ಚಹಾದ ಹೊತ್ತಿಗೆ ಬರುತ್ತದೆ.

ಇಬ್ಬರೂ ಮೆಚ್ಚಿದ್ದು ಅಲ್ಲಿನ ಒಂದೇ ತಂಡ, ಹಸಿರು ಅಂಗಿಯವರದು. ಅಂದಿನಿಂದ ಅವನು ಭಾಲ್ಕಿಯಲ್ಲಿ, ಅವಳು ಮೈಲೂರಿನಲ್ಲಿ ಕೂತು ಒಂದೇ ಆಟ ನೋಡುವುದು. ಒಂದೊಂದು ಬುಟ್ಟಿಗೂ ಒಂದೊಂದು ಮೆಸೇಜು. ಪ್ರೀತಿ ಎಂಬ ಮಾತು ಮಾತ್ರ ಎಂದೂ ಬಂದಿರಲಿಲ್ಲ... ಬರುತ್ತದೆ ಎಂದು ಅವಳು ಕಾಯುತ್ತಿದ್ದಳು.

ಈ ವರ್ಷ ಹಸಿರು ಅಂಗಿಯವರು ಫೈನಲ್ ಮುಟ್ಟಿದರು. ಎದುರಿಗೆ ಹಳದಿ ಅಂಗಿಯವರು. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರೇ ಚಾಂಪಿಯನ್. ಮೊದಲ ಎರಡರಲ್ಲೂ ಸೋಲು.

"ನೀವು ನೋಡ್ಲಿಕತ್ತೀರಲ್ಲ, ಅದಕ್ಕೇ ಸೋಲ್ತೀವಿ. ಒಂದು ಮ್ಯಾಚ್ ಬಿಟ್ಟು ನೋಡ್ರಿ" ಎಂದು ರವಿಕಿರಣ ಬರೆದ. ಕೊನೆಗೆ ನಗುವ ಮುಖ.

ತಮಾಷೆಯೇ. ಆದರೆ ಆಟದ ಹುಚ್ಚಿನವರ ತಮಾಷೆ ಬೇರೆ. ಗೆದ್ದ ದಿನ ತೊಟ್ಟ ಅಂಗಿಯನ್ನು ಸರಣಿ ಮುಗಿಯುವವರೆಗೂ ಒಗೆಯದೆ ತೊಡುವವನು ರವಿಕಿರಣ. ಶೀತಲಳೂ ಕಡಿಮೆಯವಳಲ್ಲ. ಮೂರನೆಯ ಪಂದ್ಯದ ಬೆಳಗ್ಗೆ ಫೋನು ಆರಿಸಿಟ್ಟು ತಾಯಿಯ ಜೊತೆ ರೊಟ್ಟಿ ಬಡಿದಳು.

ತಂಡ ಗೆದ್ದಿತು!

"ಗೆದ್ವಿ. ಹಿಂಗೇ ಇರ್ರಿ. ಏನೂ ಬದಲ ಮಾಡಬ್ಯಾಡ್ರಿ."

ಅದೇ ಅವನ ಕೊನೆಯ ಮೆಸೇಜು.

ನಾಲ್ಕನೆಯದನ್ನೂ ಅವಳು ನೋಡಲಿಲ್ಲ. ಅದನ್ನೂ ಗೆದ್ದರು. ಆ ದಿನ ಅವನ ಸ್ಟೇಟಸ್ಸಿನಲ್ಲಿ ಒಂದು ಫೋಟೋ. ಭಾಲ್ಕಿಯ ಹೋಟೆಲೊಂದರ ಟಿವಿ, ಮೇಜಿನ ಮೇಲೆ ಎರಡು ಕಪ್ ಚಹಾ... ಅಂಚಿನಲ್ಲಿ ಮೆಹಂದಿ ಹಚ್ಚಿದ ಕೈ.

ಫರ್ಹೀನ!

ಸದಾ ಮೆಹಂದಿ ಹಚ್ಚುವ ಅವಳ ಬಗ್ಗೆ ಅವನೇ ಹೇಳಿದ್ದ. ಬೇಸಿಗೆ ಶಿಬಿರದಲ್ಲಿ ಹೆಣ್ಣುಮಕ್ಕಳಿಗೆ ಅವನ ಜೊತೆ ಆಟ ಕಲಿಸುವವಳು. ದೂರದಿಂದ ಎಸೆದರೂ ಚೆಂಡು ಬುಟ್ಟಿಗೇ. ನಕ್ಕರೆ ಮೈದಾನದ ಆಚೆಗೂ ಕೇಳಿಸುತ್ತದಂತೆ. ತನ್ನಲ್ಲಿ ಇಲ್ಲದ್ದೆಲ್ಲ ಅವಳಲ್ಲಿತ್ತು.

ನಾನು ನೋಡಿದರೆ ಸೋಲು. ಅವಳು ಪಕ್ಕದಲ್ಲಿ ಕೂತರೆ ಗೆಲುವು...

ಹೆಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಲಕ್ಷ್ಯ ಎಲ್ಲಿದೆ ಎಂದು ತಾಯಿ ಗದರಿದಳು. ಶೀತಲ ಅವನಿಗೆ ಒಂದು ಸಾಲು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು.

ಐದನೆಯದನ್ನೂ ಗೆದ್ದಾಗ ಅವಳಿಗೆ ಸಂತೋಷವೇ ಆಗಲಿಲ್ಲ. ಇನ್ನೊಂದು ಗೆದ್ದರೆ ಆ ಗೆಲುವು ಪೂರ್ತಿ ಆ ಮೆಹಂದಿ ಕೈಯದು.

ಆರನೆಯ ಪಂದ್ಯವನ್ನು ಬಾಗಿಲು ಹಾಕಿಕೊಂಡು ನೋಡಿದಳು. ಕೊನೆಯ ಗಳಿಗೆಯಲ್ಲಿ ಹಸಿರು ಅಂಗಿಯ ಆಟಗಾರ ಚೆಂಡು ಎತ್ತಿದಾಗ ಕಣ್ಣು ಮುಚ್ಚಿ ಬೇಡಿಕೊಂಡಳು, 'ಬುಟ್ಟಿಗೆ ಬೀಳದಿರಲಿ.'

ಬೀಳಲಿಲ್ಲ.

ಆ ಆಟಗಾರ ಟವೆಲಿನಲ್ಲಿ ಮುಖ ಮುಚ್ಚಿ ನೆಲದ ಮೇಲೆ ಕುಸಿದ. ಇತ್ತ ಶೀತಲ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ತನ್ನವರೇ ಸೋಲಲಿ ಎಂದು ಬೇಡುವಷ್ಟು ಸಣ್ಣವಳಾದೆನೇ?

ಮೂರು ಮೂರು ಸಮ. ಉಳಿದದ್ದು ಒಂದೇ ಪಂದ್ಯ. ಇನ್ನು ಊಹಿಸಿ ಊಹಿಸಿ ಸುಡುವುದು ಬೇಡ, ಕಣ್ಣಾರೆ ನೋಡಿಬಿಡೋಣ ಎನ್ನಿಸಿತು. ಭಾಲ್ಕಿಯ ಸುಂದರಬಾಯಿ ಕಾಕಿಯ ಮನೆಗೆ ಹೋಗುತ್ತೇನೆಂದು ತಾಯಿಗೆ ಹೇಳಿ ಬೆಳಗಿನ ಬಸ್ ಹತ್ತಿದಳು.

ಫೋಟೋದ ಹೋಟೆಲು ಬಸ್ ನಿಲ್ದಾಣದ ಹತ್ತಿರವೇ ಇತ್ತು. ಫರ್ಹೀನಳ ತಂದೆ ಅಬ್ದುಲ ವಾಹೀದರದು. ಬಾಗಿಲಲ್ಲಿ ನಿಂತ ಶೀತಲ ಒಳಗೆ ನೋಡಿದಳು.

ಟಿವಿಯ ಮುಂದೆ ಫರ್ಹೀನ, ಹಳದಿ ದುಪಟ್ಟಾ ಹೊದ್ದು ಹಳದಿ ಅಂಗಿಯವರ ಹೆಸರು ಕೂಗುತ್ತಿದ್ದಳು!

ರವಿಕಿರಣ ಕೂತಿದ್ದು ಹಿಂದಿನ ಮೇಜಿಗೆ, ಒಬ್ಬನೇ. ಪಕ್ಕದ ಕುರ್ಚಿ ಖಾಲಿ. ಅದರ ಮುಂದೊಂದು ಕಪ್ ಚಹಾ, ಮೇಲೆ ಕೆನೆ ಕಟ್ಟಿತ್ತು.

ಅವಳನ್ನು ಕಂಡವನೇ ಎದ್ದ ರಭಸಕ್ಕೆ ಅವನ ಕುರ್ಚಿ ಉರುಳಿತು. ಆ ಸದ್ದಿಗೆ ಫರ್ಹೀನ ತಿರುಗಿದಳು. ಅವನನ್ನೂ ಇವಳನ್ನೂ ನೋಡಿ ಅವಳಿಗೆ ಎಲ್ಲ ತಿಳಿಯಿತು.

"ಅರೇ, ಶೀತಲ್ ನೀವೇ ಏನ್ರಿ? ಈ ಸರ್‌ಗೆ ಜರಾ ಹೇಳ್ರಿ. ಆ ಕುರ್ಚಿ ಮ್ಯಾಲ ನನ್ನ ಬ್ಯಾಗ್ ಸುದ್ಧಾ ಇಡ್ಲಿಕ್ಕ ಬಿಡಂಗಿಲ್ಲ. ದಿನಾ ನಿಮ್ಮ ಹೆಸರಿಲೆ ನನ್ನ ಕೈಲೆ ಒಂದು ಚಾ ತರಿಸ್ತಾರ, ಯಾರೂ ಕುಡಿಯಂಗಿಲ್ಲ. ಚಾ ಹಾಳ್ ಮಾಡ್ತಾರಂತ ನಮ್ಮ ಅಬ್ಬಾ ನನಗ ಬೈತಾರ."

ಶೀತಲಳ ಎದೆಯೊಳಗಿನ ಬೆಂಕಿ ಒಮ್ಮೆಲೇ ನಾಚಿಕೆಯಾಯಿತು. ಅಷ್ಟರಲ್ಲಿ ಟಿವಿ ಕಣ್ಣಿಗೆ ಬಿತ್ತು. ಹಸಿರು ಅಂಗಿಯವರು ಮುಂದಿದ್ದಾರೆ, ಆಟ ಮುಗಿಯುತ್ತ ಬಂದಿದೆ! ಅವಳು ತಟ್ಟನೆ ಬೆನ್ನು ತಿರುಗಿಸಿದಳು.

"ನಾ ಹೊರಗ ನಿಂದರ್ತೇನಿ. ನಾ ನೋಡಿದ್ರ ಸೋಲ್ತಾರ..."

"ಸೋಲಲಿ."

ರವಿಕಿರಣನ ಆ ಮಾತಿಗೆ ಅವಳ ಕಾಲು ನಿಂತಿತು.

"ಗೆಲ್ಲೋ ಮುಂದ ಏನೂ ಬದಲ ಮಾಡಬಾರದಂತ ನಾ ಮೆಸೇಜ್ ಸುದ್ಧಾ ಹಾಕ್ಲಿಲ್ಲ. ಗೆದ್ವಿ ಖರೇ. ಹೇಳ್ಲಿಕ್ಕ ಬಾಜೂಕ ನೀವೇ ಇಲ್ಲ. ಅಂಥಾ ಗೆಲುವು ನನಗ ಬ್ಯಾಡ. ಬರ್ರಿ, ಕೂಡ್ರಿ."

ಅವಳು ಬಂದು ಖಾಲಿ ಕುರ್ಚಿಯಲ್ಲಿ ಕೂತಳು. ನೋಡಿದಳು.

ಹಸಿರು ಅಂಗಿಯವರು ಒಂದೇ ಪಾಯಿಂಟಿನಿಂದ ಸೋತರು.

ಫರ್ಹೀನ ದುಪಟ್ಟಾ ಬೀಸುತ್ತಾ ತಂದೆಗೆ ಸುದ್ದಿ ಹೇಳಲು ಒಳಗೋಡಿದಳು.

"ಆರನೇ ಮ್ಯಾಚಿಗೆ ನಾನೇ ಬೇಡಿಕೊಂಡಿದ್ದೆ, ಸೋಲಲಿ ಅಂತ" ಎಂದಳು ಶೀತಲ, ಮೇಜು ನೋಡುತ್ತಾ.

"ಯಾಕ್ರಿ?"

"ಫೋಟೋದಾಗ ಎರಡು ಕಪ್ ಇದ್ವು. ಮೆಹಂದಿ ಕೈ ಇತ್ತು."

ಅವನಿಗೆ ಅರ್ಥವಾಗಲು ತುಸು ಹೊತ್ತೇ ಹಿಡಿಯಿತು. "ನಮ್ಮ ತಂಡ ಸೋಲಿಸೋವಷ್ಟು ಹೊಟ್ಟಿಕಿಚ್ಚು ಏನ್ರಿ?"

"ಹೂಂ."

ಅವಳು ತಣ್ಣಗಾದ ಕಪ್ಪನ್ನು ಹತ್ತಿರ ಎಳೆದುಕೊಂಡು, ಕೆನೆ ಸರಿಸಿ, ಒಂದು ಗುಟುಕು ಕುಡಿದಳು. ಅವನು ಬೇರೆ ತರಿಸುತ್ತೇನೆ ಎಂದರೂ ಬಿಡಲಿಲ್ಲ.

ಅವನ ದನಿ ತಗ್ಗಿತು. "ನಿಮ್ಮ ಅಪ್ಪಾಜಿ ಜೋಡಿ ಮಾತಾಡ್ಲಿಕ್ಕ ನಾಳಿಗಿ ಮೈಲೂರಿಗಿ ಬರ್ಲೇನ್ರಿ?"

ಕಪ್ಪಿನ ಮರೆಯಲ್ಲಿ ಅವಳ ಮುಖ ಕೆಂಪಾಯಿತು. ಕಣ್ಣು ಮಾತ್ರ ಅವನ ಹಸಿರು ಅಂಗಿಯ ಮಾಸಿದ ಕಾಲರಿನ ಮೇಲೆ ನಿಂತಿತು.

"ಬರ್ರಿ. ಆ ಅಂಗಿ ಒಗಕೊಂಡು ಬರ್ರಿ."

"ಗೆಲ್ಲೋ ಅಂಗಿರಿ ಇದು."

"ಸೋತೀರಲ್ರಿ..." ಎಂದಳು ಶೀತಲ. "ಇನ್ನ ಒಗೀರಿ."