ದಿಬ್ಬದಲ್ಲಿ ಸುಟ್ಟುಹೋದ ಮೋಟರು

“ಅಕ್ಕಾ, ನನ್ನ ಹೆಸರಿಗೆ ಮಸಿ ಬಳೀತಿದ್ದಾರೆ. ಸಾಯಂಕಾಲದೊಳಗೆ ಏನಾದ್ರೂ ಮಾಡಿ!”

ಸೈಕಲ್ ಮೇಸ್ತ್ರಿ ಹೀಗೆ ಕೂಗಿಕೊಂಡು ಮೆಟ್ಟಿಲು ಹತ್ತಿದಾಗ ಗಡಿಯಾರದಕ್ಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದಳು. ಪಕ್ಕದಲ್ಲಿ ಅವಳ ತಮ್ಮ, ಅಂಚೆ ಕೆಲಸದಿಂದ ನಿವೃತ್ತನಾದವನು, ಪೇಪರ್ ಓದುತ್ತಿದ್ದ. ಊರಿನ ಎಷ್ಟೋ ಗುಟ್ಟುಗಳನ್ನು ಅಕ್ಕ ಬಿಡಿಸಿದ್ದನ್ನು ಕಣ್ಣಾರೆ ಕಂಡವನು ಅವನು. ಪೇಪರನ್ನು ತಟ್ಟನೆ ಮಡಚಿದ.

ಸಂಗತಿ ಇಷ್ಟು. ಆಸ್ಪತ್ರೆಯ ಹನ್ನೆರಡು ನರ್ಸ್‌ಗಳ ಸೈಕಲ್‌ಗಳಿಗೆ ಹಿಂದಿನ ಗಾಲಿಯ ನಡುವಿನ ಹಬ್‌ನಲ್ಲೇ ಕೂರುವ ಮೋಟರನ್ನು ಮೇಸ್ತ್ರಿಯೇ ಕಟ್ಟಿಕೊಟ್ಟಿದ್ದ. ಮೊನ್ನೆ ದೊಡ್ಡ ನರ್ಸಮ್ಮ ಹೆರಿಗೆಗೆಂದು ದಿಬ್ಬ ಹತ್ತುವಾಗ ನಡುದಾರಿಯಲ್ಲೇ ಮೋಟರು ಹೊಗೆಯಾಡಿ ಸತ್ತಿತು. ಆಕೆ ಸಾಮಾನು ಹೊತ್ತು ಓಡಬೇಕಾಯಿತು. ತಾಯಿ ಮಗು ಉಳಿದದ್ದೇ ಪುಣ್ಯ. ಮೇಸ್ತ್ರಿ ಕಳಪೆ ಮೋಟರು ಹಾಕಿ ಮೋಸ ಮಾಡಿದ ಎಂದು ಉಗ್ರಾಣದ ಗುಮಾಸ್ತ ದೂರು ಬರೆದ, ಸಿಟ್ಟಿನಲ್ಲಿದ್ದ ನರ್ಸಮ್ಮ ಸಹಿ ಹಾಕಿದಳು. ಸಾಯಂಕಾಲ ದೊಡ್ಡ ಡಾಕ್ಟರಮ್ಮನ ತೀರ್ಪು.

“ಸೈಕಲ್ ನೋಡಿದ್ಯೇನಪ್ಪ?”

“ಎಲ್ಲಿ ನೋಡೋದು? ಉಗ್ರಾಣದಲ್ಲಿಟ್ಟು ಬೀಗ ಜಡಿದವ್ರೆ. ಗುಮಾಸ್ತರು ಹತ್ರಕ್ಕೂ ಬಿಡಲ್ಲ.”

ಅಕ್ಕ ಮೊದಲು ಮೇಸ್ತ್ರಿಯ ಅಂಗಡಿಗೇ ಹೋದಳು. ಅರ್ಧ ಕಟ್ಟಿದ ಗಾಲಿಯೊಂದು ಅಲ್ಲಿತ್ತು. “ಕೈಕಟ್ಟಿ ಕೂರ್ಬೇಡ, ನೋಡೋಣ, ಕಡ್ಡಿ ಹಾಕು” ಎಂದಳು. ಅವನು ಹಬ್ ತಿರುಗಿಸಿ, ಅದರ ಮೇಲಿದ್ದ ಕಂಪನಿಯ ಹೆಸರನ್ನು ಗಾಳಿ ತುಂಬುವ ವಾಲ್ವಿನ ತೂತಿಗೆ ನೇರ ಮಾಡಿಕೊಂಡೇ ಮೊದಲ ಕಡ್ಡಿ ಸಿಕ್ಕಿಸಿದ.

“ಅದ್ಯಾಕೆ ಹಾಗೆ?” ತಮ್ಮ ಕೇಳಿದ.

“ಹಾಗಿಲ್ದಿದ್ರೂ ಗಾಲಿ ಓಡುತ್ತೆ ಸ್ವಾಮಿ. ಆದ್ರೆ ಹಾಗೆ ಕಟ್ಟದಿದ್ರೆ ನಮ್ಮಪ್ಪ ಕಿವಿ ಹಿಂಡ್ತಿದ್ರು. ಕೈಗೆ ಅಭ್ಯಾಸ ಆಗ್ಹೋಗಿದೆ.”

ಆಸ್ಪತ್ರೆಯಲ್ಲಿ ನರ್ಸಮ್ಮ ಇನ್ನೂ ಬುಸುಗುಡುತ್ತಿದ್ದಳು. “ಸೋಮವಾರದಿಂದ್ಲೇ ವಿಚಿತ್ರ ಆಡ್ತಿತ್ತು ಕಣಕ್ಕ. ಸಮ ರಸ್ತೇಲಿ ಕುದುರೆ ಥರ ಓಡೋದು. ದಿಬ್ಬ ಬಂದ್ರೆ ಉಸಿರು ಕಟ್ಟೋದು.”

ಡಾಕ್ಟರಮ್ಮ ಹೇಳಿಕಳಿಸಿದ್ದಕ್ಕೆ ಗುಮಾಸ್ತ ಒಲ್ಲದ ಮನಸ್ಸಿನಿಂದ ಉಗ್ರಾಣ ತೆರೆದ. ಅಕ್ಕ ಸುಟ್ಟ ಗಾಲಿಯ ಮುಂದೆ ಕೂತು ಅದನ್ನು ಒಂದು ಸುತ್ತು ತಿರುಗಿಸಿದಳು, ಅಷ್ಟೇ. ಅಂಗಳದಲ್ಲಿ ಗುಮಾಸ್ತನ ಸೈಕಲ್ಲೂ ನಿಂತಿತ್ತು. ಹಿಂದೆ ಮೆತ್ತನೆಯ ಸೀಟು, ಒರಗಲು ಬೆನ್ನಾಸರೆ. ಹಬ್ ನೋಡಿದರೆ ನರ್ಸ್‌ಗಳ ಸೈಕಲ್‌ನದ್ದೇ ಅಚ್ಚು.

“ಇದನ್ನೂ ಮೇಸ್ತ್ರಿನೇ ಕಟ್ಟಿದ್ದಾ?”

“ಛೆ ಛೆ! ರೆಡಿಮೇಡ್ ಗಾಲಿ, ಪಾರ್ಸಲ್‌ನಲ್ಲಿ ತರಿಸಿದ್ದು. ಇದ್ದಿದ್ದರಲ್ಲೇ ಅತಿ ಜೋರಾಗಿ ಓಡೋ ಮೋಟರು! ಅವನ ಕೈ ಇದಕ್ಕೆ ತಾಗೇ ಇಲ್ಲ.”

“ದಿಬ್ಬ ಹತ್ತುತ್ತಾ?”

“ಅಮ್ಮನ್ನ ಕೂರಿಸ್ಕೊಂಡೇ ಹತ್ತುತ್ತೆ. ನಿಧಾನ, ಆದ್ರೆ ಹತ್ತುತ್ತೆ.”

ಅಕ್ಕ ಅದರ ಗಾಲಿಯನ್ನೂ ಒಂದು ಸುತ್ತು ತಿರುಗಿಸಿ ನೋಡಿ, “ಎಲ್ಲರನ್ನೂ ಕರೀರಿ” ಎಂದಳು. ತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಅಕ್ಕನ ತುಟಿಯಂಚಿನ ನಗು ಕಂಡು ಅವನೆದೆ ಹಿಗ್ಗಿತು.

ಅಂಗಳದಲ್ಲಿ ಡಾಕ್ಟರಮ್ಮ, ನರ್ಸಮ್ಮ, ಗುಮಾಸ್ತ, ಮೇಸ್ತ್ರಿ ಸುತ್ತ ನಿಂತರು. ಅಕ್ಕ ಇನ್ನೊಬ್ಬ ನರ್ಸ್‌ನ ಸೈಕಲ್ಲನ್ನು ಗುಮಾಸ್ತನದರ ಪಕ್ಕ ನಿಲ್ಲಿಸಿ, ಎರಡರ ಹಿಂದಿನ ಗಾಲಿಯನ್ನೂ ನೆಲದಿಂದ ಎತ್ತಿಸಿದಳು. ಒಂದೊಂದು ಕಡ್ಡಿಗೆ ರಟ್ಟಿನ ಚೂರು ಸಿಕ್ಕಿಸಿ, “ಪೂರ್ತಿ ಓಡಿಸಿ” ಎಂದಳು. ರಟ್ಟು ಸೈಕಲ್‌ನ ಚೌಕಟ್ಟಿಗೆ ಬಡಿದು ಟಕಟಕ ಎಂದಿತು. ಆಯುಷ್ಯವೆಲ್ಲ ಗಡಿಯಾರದ ಬಡಿತ ಕೇಳಿದ ಕಿವಿ ಅವಳದು. “ಎರಡೂ ಸೆಕೆಂಡಿಗೆ ಮೂರು ಸುತ್ತು ಚಿಲ್ಲರೆ. ಗುಮಾಸ್ತರೇ, ನಿಮ್ಮ ಅತಿ ಜೋರಿನ ಮೋಟರು ನರ್ಸ್‌ಗಳದಕ್ಕಿಂತ ಒಂದು ಕೂದಲೆಳೆಯೂ ಜೋರಿಲ್ಲವಲ್ಲ?”

ಗುಮಾಸ್ತ ಬೇಗನೆ ತನ್ನ ಮೋಟರು ನಿಲ್ಲಿಸಿದ. ಅಕ್ಕ ಮುಂದುವರಿಸಿದಳು.

“ಹಬ್ ಮೋಟರ್ ಹೊರಗಿಂದ ಒಂದೇ ಥರ ಇದ್ರೂ ಒಳಗಿನ ತಂತಿಯ ಸುತ್ತು ಬೇರೆ ಇರುತ್ತೆ. ಒಂದು ವೇಗಕ್ಕೆ, ಇನ್ನೊಂದು ಏರಿಗೆ. ವೇಗದ್ದನ್ನ ಭಾರ ಹೊರಿಸಿ ದಿಬ್ಬಕ್ಕೆ ಬಿಟ್ರೆ, ಅದು ತನ್ನ ಓಟಕ್ಕೆ ಬರೋಕಾಗದೆ ಕರೆಂಟನ್ನೆಲ್ಲ ಶಾಖವಾಗಿಸ್ಕೊಂಡು ಸುಡುತ್ತೆ. ಮೇಸ್ತ್ರಿ ಹನ್ನೆರಡಕ್ಕೂ ಏರಿನದ್ದೇ ಆರಿಸಿದ್ದ. ನರ್ಸಮ್ಮನ ಸೈಕಲ್ ಸೋಮವಾರದಿಂದ ಸಮದಲ್ಲಿ ಹಾರಿತು ಅಂದಾಗ್ಲೇ ನಂಗೆ ಗಾಲಿ ಬದಲಾಗಿದೆ ಅನ್ನಿಸ್ತು. ಎರಡು ನಟ್ಟು, ಒಂದು ಪ್ಲಗ್, ಎಷ್ಟು ಹೊತ್ತಿನ ಕೆಲಸ? ಆದ್ರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡ್ಬೇಕಲ್ಲ. ಮೇಸ್ತ್ರಿ ಕಟ್ಟಿದ ಗಾಲೀಲಿ ಹೆಸರು ವಾಲ್ವಿನ ಕಡೆಗೇ ಇರುತ್ತೆ. ಸುಟ್ಟಿದ್ರಲ್ಲಿ ಎಲ್ಲೋ ಇದೆ. ಅವನ ಕೈ ತಾಗೇ ಇಲ್ಲ ಅಂದ್ರಲ್ಲ, ಈ ಗಾಲಿ ನೋಡಿ.”

ಎಲ್ಲರೂ ಬಗ್ಗಿದರು. ಹೆಸರು ವಾಲ್ವಿಗೆ ನೆಟ್ಟಗೆ ಇತ್ತು. ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ, ಕಟ್ಟಿದ್ದು ಯಾರು ಅಂದ್ರೆ ಅವನ ಕೈ ತಾಗೇ ಇಲ್ಲ ಅಂತಲೂ ಸೇರಿಸಿದನಲ್ಲ!’ ಎಂದುಕೊಂಡ ತಮ್ಮನಿಗೆ ಅಕ್ಕನಿಗೆ ಕೈಮುಗಿಯಬೇಕೆನಿಸಿತು. ತನ್ನ ಕಣ್ಣೆದುರೇ ಇದ್ದದ್ದು ತನಗೇಕೆ ಕಾಣಲಿಲ್ಲವೋ!

ಗುಮಾಸ್ತ ಕುಸಿದು ಕೂತ. “ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ದಿಬ್ಬದ ಮೇಲೆ ಮನೆ. ನನ್ನ ಮೋಟರು ಸುಟ್ಟ ವಾಸನೆ ಬರ್ತಿತ್ತು. ಭಾನುವಾರ ಬದಲಾಯಿಸ್ದೆ. ನರ್ಸಮ್ಮ ಹಗುರ ಇದ್ದಾರೆ, ನಡೆದುಹೋಗುತ್ತೆ ಅನ್ಕೊಂಡೆ. ಸುಟ್ಟಾಗ ಹೆದರಿ…”

“ಹೆದರಿ ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಾ?” ಮೇಸ್ತ್ರಿ ಅವನೆದುರು ಬಂದು ನಿಂತ.

ಡಾಕ್ಟರಮ್ಮ ದೂರಿನ ಕಾಗದ ಹರಿದಳು. ಗುಮಾಸ್ತನನ್ನು ಬೆಳಿಗ್ಗೆ ತನ್ನ ಕೋಣೆಗೆ ಬರಹೇಳಿದಳು. ನರ್ಸಮ್ಮ ಮೇಸ್ತ್ರಿಯೆದುರು ನಿಂತು, “ಎಲ್ಲರ ಮುಂದೆ ನಿನ್ನ ಮೋಸಗಾರ ಅಂದೆ. ಎಲ್ಲರ ಮುಂದೇನೇ ಕೇಳ್ತೀನಿ, ತಪ್ಪಾಯ್ತಪ್ಪ” ಎಂದಳು. ಅವನು ತಲೆಯಾಡಿಸಿದ. ಸ್ಪ್ಯಾನರ್ ತೆಗೆದು, ಗುಮಾಸ್ತನ ಸೈಕಲ್‌ನಿಂದ ತನ್ನ ಗಾಲಿ ಬಿಚ್ಚಿ ನರ್ಸಮ್ಮನ ಸೈಕಲ್‌ಗೆ ಹಾಕಿದ. ಆಮೇಲೆ ಗಾಲಿಯಿಲ್ಲದ ಆ ಸೈಕಲ್ಲನ್ನೂ ಹೆಗಲಿಗೇರಿಸಿದ.

“ಅದನ್ನೆಲ್ಲಿಗೆ…” ಗುಮಾಸ್ತ ತೊದಲಿದ.

“ಅಂಗಡಿಗೆ. ನಾಳೆ ಅಮ್ಮ ಬರೋ ಹೊತ್ತಿಗೆ ಏರಿನ ಗಾಲಿ ಕಟ್ಟಿರ್ತೀನಿ. ನಿಮ್ಮ ಮುಖ ನೋಡ್ಕೊಂಡಲ್ಲ. ವಾರದಿಂದ ಆ ತಾಯಿ ನನ್ನ ಗಾಲಿ ನಂಬಿ ಕೂತವ್ರೆ.”