ಅರ್ಧ ತೆರೆದ ಹೆಡ್‌ಫೋನ್

"ತೆಗೀರಿ ಅದನ್ನ!"

ಹೇಳಿದವನು ಕಾಯಲಿಲ್ಲ. ಕೌಂಟರಿನ ಆಚೆಯಿಂದ ಕೈ ಚಾಚಿ ಅವಳ ತಲೆಯ ಮೇಲಿದ್ದ ಹೆಡ್‌ಫೋನನ್ನು ಎತ್ತಿಯೇ ಬಿಟ್ಟ.

ಅವಳು ಬೆಚ್ಚಿದಳು. "ಏನ್ರೀ ಇದು!"

"ವಾಲ್ಯೂಮ್ ತುದಿ ಮುಟ್ಟಿದೆ ಮೇಡಂ. ಹೀಗೇ ಕೇಳಿದ್ರೆ ಆರು ತಿಂಗಳಲ್ಲಿ ಕಿವೀನೇ ಹೊಸದು ತಗೋಬೇಕಾಗುತ್ತೆ. ಅದು ನನ್ನ ಅಂಗಡೀಲಿ ಸಿಗಲ್ಲ."

ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಅವಳ ಕಣ್ಣು ತುಂಬಿತು.

"ಜೋರು ಮಾಡಿದ್ರೂ ಬರ್ತಿಲ್ಲ... ಆ ದನಿ ಎದೆಯಿಂದ ಬರ್ತಿತ್ತು. ಇದರಲ್ಲಿ ಬರೀ ಗಂಟಲಿಂದ ಬರ್ತಿದೆ."

ಬೀದಿಯವರೆಲ್ಲ 'ಕಿವಿ ಡಾಕ್ಟ್ರು' ಎಂದು ಕರೆಯುವ ಆ ಮನುಷ್ಯ ಹದಿನಾಲ್ಕು ವರ್ಷದಿಂದ ಹೆಡ್‌ಫೋನ್ ಮಾರುತ್ತಿದ್ದ. ಬೇಸ್, ಅಂದರೆ ದನಿಯ ತಳದ ಆ ಗಂಭೀರ ನಾದ, ಏನೆಂದು ಇಷ್ಟು ಸರಿಯಾಗಿ ಯಾರೂ ಅವನಿಗೆ ಹೇಳಿರಲಿಲ್ಲ.

ಇನ್ನೊಂದನ್ನು ತಂದುಕೊಟ್ಟ. ದಪ್ಪಗೆ, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು.

"ಬೇಸ್ ಬಂತು. ಆದ್ರೆ ಪೆಟ್ಟಿಗೆಯೊಳಗೆ ಕೂತು ಮಾತಾಡಿದ ಹಾಗಿದೆ."

ಮತ್ತೊಂದು. ಹಿಂಬದಿ ಜಾಲರಿ ಇದ್ದದ್ದು.

"ಇದರಲ್ಲಿ ಮನೆಯ ಹಾಲ್‌ನಲ್ಲಿ ನಿಂತ ಹಾಗಿದೆ! ಆದ್ರೆ ದನಿ ಸೊರಗಿಹೋಯ್ತು..."

"ಬೇಸ್ ಬೇಕಂದ್ರೆ ಬಾಗಿಲು ಮುಚ್ಚಬೇಕು ಮೇಡಂ. ಬಯಲು ಬೇಕಂದ್ರೆ ತೆರೀಬೇಕು."

"ನನಗೆ ಎರಡೂ ಬೇಕು."

"ಹಾಗಾದ್ರೆ ಇವತ್ತು ಏನೂ ಮಾರಲ್ಲ. ವಾರಕ್ಕೊಂದು ಮನೆಗೆ ಒಯ್ದು ಕೇಳಿ. ಕಿವಿಗೂ ಪಥ್ಯ ಇರುತ್ತೆ. ಒಂದು ರುಚಿ ಹಿಡಿಯೋಕೆ ಏಳು ದಿನ ಬೇಕು."

ಅದು ಅವನ ಅಂಗಡಿಯ ಕಟ್ಟಳೆ. ಹೀಗೆ ಶನಿವಾರಗಳು ಶುರುವಾದವು.

ಅವಳದು ಆಸ್ಪತ್ರೆಗಾಗಿ ಟೈಪು ಮಾಡುವ ಕೆಲಸ. ವೈದ್ಯರು ರೆಕಾರ್ಡ್ ಮಾಡಿಟ್ಟ ವರದಿಗಳನ್ನು ಮನೆಯಲ್ಲೇ ಕೂತು ಕೇಳಿ ಬರೆಯುವುದು. ದಿನವಿಡೀ ಯಾರದೋ ದನಿ, ಯಾರದೋ ನೋವು. ಎಲ್ಲ ಮುಗಿದ ಮೇಲೆ ತನ್ನ ಫೋನಿನಲ್ಲಿ ಉಳಿದಿದ್ದ ಒಂದು ವಾಯ್ಸ್ ಮೆಸೇಜಿನ ಮೂವತ್ತೆಂಟು ಸೆಕೆಂಡು ಮಾತ್ರ ತನ್ನದು.

ಎರಡನೇ ಶನಿವಾರ ಜಾಲರಿಯ ಹೆಡ್‌ಫೋನಿನಿಂದ ಆ ಮೂವತ್ತೆಂಟು ಸೆಕೆಂಡು ಹೊರಗೆ ಸೋರಿತು. ಅವನಿಗೂ ಕೇಳಿಸಿತು.

"ಗುಬ್ಬೀ, ಎಲ್ಲಿದ್ದೀಯೇ? ಫ್ಯಾನು ನಾಳೆ ರಿಪೇರಿ ಮಾಡ್ತೀನಿ, ನಿನ್ನಾಣೆ! ಬೇಗ ಬಾ..."

ಹಿಂದೆ ಫ್ಯಾನಿನ ಟಕ್... ಟಕ್... ಅದರಾಚೆ ಯಾರೋ ಹೆಂಗಸು ಕೂಗುತ್ತಿದ್ದರು, "ಬರೋವಾಗ ಸೂಜಿ ತರೋಕೆ ಹೇಳೋ!"

"ಯಜಮಾನ್ರಾ?" ಎಂದ ಮೆಲ್ಲಗೆ.

"ಹೂಂ. ಹೋಗಿ ಎರಡು ವರ್ಷ ಆಯ್ತು."

ಅವನು ಕೇಬಲ್ ಸುತ್ತುತ್ತಲೇ ಇದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ. ಕೊನೆಗೆ, "ಇದರದೊಂದು ಪ್ರತಿ ಕೊಟ್ಟಿರಿ. ನಾನೂ ಹೊಂದಿಸಿ ನೋಡ್ತೀನಿ," ಎಂದ.

ಆಮೇಲೆ ಒಂದು ವಾರ ಕಿವಿಗೆ ಒತ್ತುವ ಚರ್ಮದ ದಿಂಬು ತೆಗೆದು ಮಖಮಲ್ಲಿನದು ಹಾಕಿಕೊಟ್ಟ. ಇನ್ನೊಂದು ವಾರ ತನ್ನ ಚಹಾವನ್ನು ಎರಡು ಲೋಟಕ್ಕೆ ಹಂಚಿದ. ವೈದ್ಯರೊಬ್ಬರು ರೆಕಾರ್ಡಿಂಗಿನ ನಡುವೆಯೇ ಗೊರಕೆ ಹೊಡೆದ ಕಥೆಯನ್ನು ಅವಳು ಹೇಳಿದಳು. ಇಬ್ಬರೂ ನಕ್ಕರು.

ತನ್ನ ನಗು ತನಗೇ ಕೇಳಿಸಿ ಅವಳಿಗೆ ಎದೆ ಧಸಕ್ಕೆಂದಿತು. ಎಷ್ಟು ದಿನವಾಗಿತ್ತು!

ಏಳನೇ ಶನಿವಾರ ಅವನ ಮುಖದಲ್ಲಿ ಪರೀಕ್ಷೆ ಬರೆದ ಹುಡುಗನ ಕಳವಳ.

"ಕಣ್ಣು ಮುಚ್ಚಿ ಕೇಳಿ."

ಕೇಳಿದಳು. ಅದೇ ದನಿ. ಎದೆಯ ಆಳದಿಂದ ಬರುತ್ತಿತ್ತು. ಆದರೆ... ಫ್ಯಾನಿಲ್ಲ. ಸೂಜಿಯ ಕೂಗಿಲ್ಲ. ಮಾತಿನ ಸುತ್ತ ಬಾವಿಯಂಥ ಮೌನ.

"ಗದ್ದಲವನ್ನೆಲ್ಲ ತೆಗೆದುಬಿಟ್ಟೆ," ಎಂದ ಅವನು ಉತ್ಸಾಹದಿಂದ. "ಈಗ ಬರೀ ಅವರ ದನಿ!"

"ಗದ್ದಲ?" ಅವಳು ಅದನ್ನು ತಲೆಯಿಂದ ಕಿತ್ತು ತೆಗೆದಳು. "ಅದು ನನ್ನ ಮನೆ ಕಣ್ರೀ! ಇದರಲ್ಲಿ ಅವರು ಎಲ್ಲೋ ಖಾಲಿ ಕೋಣೇಲಿ ಒಬ್ಬರೇ ನಿಂತಿದ್ದಾರೆ... ಸತ್ತಮೇಲೆ ಮಾತಾಡಿದ ಹಾಗಿದೆ!"

"ಮೇಡಂ, ಅದು ಪ್ರತಿ ಮಾತ್ರ, ಮೊದಲಿನದು ನಿಮ್ಮ ಫೋನಲ್ಲೇ..."

ಅವಳು ಕೇಳಿಸಿಕೊಳ್ಳಲಿಲ್ಲ. ಹೆಡ್‌ಫೋನನ್ನು ಕೌಂಟರಿನ ಮೇಲಿಟ್ಟು ಹೊರಟೇಹೋದಳು.

ಮೂರು ಶನಿವಾರ ಕಳೆದವು. ಅವನು ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ.

"ಸಂಜೆ ಮನೇಲೇ ಇದ್ದೀಯಲ್ಲ," ಎಂದರು ಅತ್ತೆ, ಒಗೆದ ಬಟ್ಟೆ ಮಡಚುತ್ತ. "ಅಂಗಡಿ ಮುಚ್ಚಿತಾ, ನಿನ್ನ ಬಾಯಿ ಮುಚ್ಚಿತಾ?"

"ಯಾವ ಅಂಗಡಿ ಅತ್ತೆ?"

"ನನಗೆ ಕಿವಿ ಮಂದ ಕಣೇ, ಕಣ್ಣಲ್ಲ. ಶನಿವಾರ ಬಂದ್ರೆ ಎರಡೆರಡು ಸಲ ತಲೆ ಬಾಚ್ಕೋತಿದ್ದೆ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ಎಲ್ಲವನ್ನೂ ಹೇಳಿದಳು. ಕೊನೆಯದನ್ನು ನೆಲ ನೋಡುತ್ತ ಹೇಳಿದಳು.

"ಜಗಳ ಆದ ಆ ವಾರ... ಮೂರು ದಿನ ಅವರ ದನಿ ಕೇಳೋದನ್ನೇ ಮರೆತಿದ್ದೆ ಅತ್ತೆ. ಶನಿವಾರಕ್ಕೆ ಕಾಯ್ತಿದ್ದೆ. ನನ್ನ ಮೇಲಿನ ಸಿಟ್ಟನ್ನ ಆ ಅಂಗಡಿಯವರ ಮೇಲೆ ತೀರಿಸಿಕೊಂಡು ಬಂದೆ."

ಅತ್ತೆಯ ಕೈಯಲ್ಲಿದ್ದ ಟವೆಲು ಹಾಗೇ ನಿಂತಿತು. ತಲೆಯ ಮೇಲೆ ಫ್ಯಾನು ಟಕ್... ಟಕ್... ಎನ್ನುತ್ತಿತ್ತು.

"ನಾನು ಎರಡು ವರ್ಷದಲ್ಲಿ ಒಂದು ಸಲವೂ ಅದನ್ನ ಕೇಳಿಲ್ಲ. ಧೈರ್ಯ ಬಂದಿಲ್ಲ. ಹಾಗಂತ ಮಗನ್ನ ಮರೆತಿದ್ದೀನಾ?" ಸೆರಗಿನಿಂದ ಮೂಗು ಒರೆಸಿಕೊಂಡರು. "ಏಳು. ಇವತ್ತು ಕೇಳ್ತೀನಿ. ಆ ಡಾಕ್ಟ್ರ ಹತ್ರಾನೇ ಕೇಳ್ತೀನಿ."

ಅಂಗಡಿಯಲ್ಲಿ ಅವನು ಎದ್ದು ನಿಂತ. ಸೊರಗಿದ್ದ.

"ಇವರು ನಮ್ಮತ್ತೆ," ಎಂದಳು ಅವಳು, ಎತ್ತಲೋ ನೋಡುತ್ತ.

"ಸೂಜಿ ಕೇಳಿದ ಅಮ್ಮ," ಎಂದ ಅವನು.

ಮೇಜಿನ ಖಾನೆಯಿಂದ ಒಂದು ಹೆಡ್‌ಫೋನ್ ತೆಗೆದ. ಅವಳು ಅದನ್ನು ನೋಡಿರಲೇ ಇಲ್ಲ. ಅವಳ ಫೋನಿಗೇ ಜೋಡಿಸಿ, ಮುಟ್ಟದ ಆ ಮೊದಲಿನ ರೆಕಾರ್ಡನ್ನೇ ಹಾಕಿ, ಅತ್ತೆಯ ತಲೆಗೆ ಜೋಪಾನವಾಗಿ ಇಟ್ಟ.

ಅತ್ತೆ ಮೊದಲು ನಕ್ಕರು. "ಅಯ್ಯೋ, ಇದು ನಾನೇ! ಒಂದು ಸೂಜಿಗೆ ಇಷ್ಟು ಕೂಗಾಡಿದ್ದೀನಾ!"

ಆಮೇಲೆ ಸೆರಗು ಬಾಯಿಗೆ ಹೋಯಿತು. "ಇಲ್ಲೇ ಇದ್ದಾನಲ್ಲೇ... ಪಕ್ಕದಲ್ಲೇ ನಿಂತಿದ್ದಾನಲ್ಲೇ..."

ಅತ್ತೆಯನ್ನು ತಬ್ಬಿ ಕೂರಿಸಿ ಅವಳೂ ಕೇಳಿದಳು. ದನಿ ಎದೆಯಿಂದಲೇ ಬರುತ್ತಿತ್ತು. ಹಾಲ್ ಅಷ್ಟೇ ಅಗಲವಾಗಿತ್ತು. ಫ್ಯಾನು ಅದೇ ಮೂಲೆಯಲ್ಲಿತ್ತು.

"ಇದು ಯಾವಾಗ ಬಂತು?"

ಅವನು ತಲೆ ತಗ್ಗಿಸಿದ. "ಮೂರನೇ ವಾರ."

"ಮೂರನೇ ವಾರ! ಮತ್ತೆ ಯಾಕೆ..."

"ಕೊಟ್ಟಿದ್ರೆ ನಾಲ್ಕನೇ ವಾರ ನೀವು ಬರ್ತಿರಲಿಲ್ಲ." ಅವನು ಮೇಜಿನ ಖಾನೆಯನ್ನು ಮುಚ್ಚಿದ. "ನಿಮಗೆ ಬೇಕಾದ್ದನ್ನ ಖಾನೇಲಿ ಬಚ್ಚಿಟ್ಟು ನಿಮಗೇ ಚಹಾ ಕೊಡ್ತಿದ್ದೆ. ಆ ತಪ್ಪು ಚುಚ್ಚುತ್ತಿತ್ತು. ಅದನ್ನ ತೀರಿಸೋಕೆ ಹೋಗಿ ದನಿಗೇ ಕೈ ಹಾಕಿದೆ. ದೊಡ್ಡ ತಪ್ಪು ಮಾಡ್ಬಿಟ್ಟೆ."

'ಬೈಯಬೇಕು ಇವನನ್ನ...' ಎಂದುಕೊಂಡಳು. ಬೈಗುಳವೊಂದೂ ಬರಲಿಲ್ಲ.

"ನಾನು ಅವರನ್ನ ಮರೆಯಲ್ಲ," ಎಂದಳು. ಮಾತಿನ ಜೊತೆಗೇ ಅಳು ಬಂತು.

"ಮರೀಬೇಡಿ. ನೀವು ಮರೀಲಿ ಅಂತ ಇದನ್ನ ಹುಡುಕಲಿಲ್ಲ."

ಅತ್ತೆ ಎದ್ದು ಬಾಗಿಲ ಬಳಿಯ ಸ್ಟೂಲಿಗೆ ಹೋಗಿ, ಬೀದಿಯ ಕಡೆ ಮುಖ ಮಾಡಿ ಕೂತರು.

"ಇದು ಅರ್ಧ ತೆರೆದದ್ದು," ಎಂದ ಅವನು ಮೆಲ್ಲಗೆ. "ಬೇಸೂ ಉಳಿಯುತ್ತೆ, ಬಯಲೂ ಉಳಿಯುತ್ತೆ. ಒಂದೇ ತೊಂದರೆ. ಹಾಕ್ಕೊಂಡಾಗ ಎದುರಿಗಿರೋರ ಮಾತೂ ಸ್ವಲ್ಪ ಒಳಗೆ ಬಂದ್ಬಿಡುತ್ತೆ."

ಅವಳು ಕಣ್ಣೊರೆಸಿಕೊಂಡು ಅದನ್ನು ಮತ್ತೆ ತಲೆಗೆ ಹಾಕಿಕೊಂಡಳು. ಗುಬ್ಬೀ, ಎಲ್ಲಿದ್ದೀಯೇ...

"ಏನಾದ್ರೂ ಮಾತಾಡಿ," ಎಂದಳು.

"ಏನು ಮಾತಾಡ್ಲಿ?"

"ಏನಾದ್ರೂ." ಅವಳು ಕಣ್ಣು ಮುಚ್ಚಿದಳು. "ಕೇಳಿಸ್ತಿದೆ."